ಪ್ರಾರ್ಥನೆಗೆ ಕುಳಿತರೆ ಮಾತೇ ಬರುವುದಿಲ್ಲವೇ? ಮನೆಮಾತಿನಿಂದ ಶುರು ಮಾಡಿ

“ಅಕ್ಕೋರ, ದಿನಾ ಪ್ರಾರ್ಥನಾ ಮಾಡ್ತೀನ್ರಿ. ಆದ್ರ ಮನಸ್ಸಿಗೆ ಸಮಾಧಾನ ಅನ್ನೂದು ಆಗವಲ್ದು. ಎಲ್ಲಿ ತಪ್ಪಾಕತ್ತೈತಿ?”

ಬೆಳಗಾವಿ ಕ್ಯಾಂಪಿನಲ್ಲಿ ಭಾನುವಾರ ಚರ್ಚು ಬಿಟ್ಟ ಮೇಲೆ ಗೇಟಿನ ಹತ್ತಿರ ನಿಲ್ಲಿಸಿ ಕೇಳುತ್ತಾರೆ. ಗುಳೇದಗುಡ್ಡದ ತವರಿಗೆ ಹೋದರೆ ಅಲ್ಲೂ ಕೇಳುತ್ತಾರೆ. ವಿಜಯಪುರದಿಂದ ಒಬ್ಬರು ರಾತ್ರಿ ಹತ್ತೂವರೆಗೆ ವಾಯ್ಸ್ ಮೆಸೇಜ್ ಹಾಕಿದ್ದರು. ನಾನು ಸಿಸ್ಟರೂ ಅಲ್ಲ, ಪಾಸ್ಟರಮ್ಮನೂ ಅಲ್ಲ. ಭಾನುವಾರ ಮಕ್ಕಳಿಗೆ ಪಾಠ ಹೇಳುವವಳು, ಅಷ್ಟೇ. ಹುಟ್ಟಿದ್ದು ಸಿಎಸ್‌ಐ (ಪ್ರಾಟೆಸ್ಟೆಂಟರ ಒಂದು ಪಂಗಡ) ಮನೆಯಲ್ಲಿ, ಕೊಟ್ಟಿದ್ದು ಕಥೋಲಿಕರ ಮನೆಗೆ. ಎರಡೂ ಕಡೆಯವರು ಸಲೀಸಾಗಿ ಕೇಳುವುದಕ್ಕೆ ಅದೇ ಕಾರಣ ಇರಬೇಕು.

ಹೇಳಿದ್ದನ್ನೇ ಹೇಳಿ ಸಾಕಾಗಿದೆ, ಅದಕ್ಕೆ ಒಟ್ಟಿಗೆ ಬರೆದಿಡುತ್ತಿದ್ದೇನೆ. ಮೊದಲೇ ಒಂದು ಮಾತು. ಕೇಳುವವರಲ್ಲಿ ಹೆಚ್ಚಿನವರಿಗೆ ನಂಬಿಕೆಯ ಕೊರತೆ ಇಲ್ಲ. ಇಲ್ಲದಿದ್ದರೆ ದಿನಾ ಯಾಕೆ ಮಂಡಿಯೂರುತ್ತಾರೆ? ಅವರು ದೇವರ ಮುಂದೆ ತಮ್ಮದಲ್ಲದ ಮಾತು ಆಡುತ್ತಿರುತ್ತಾರೆ. ನನ್ನ ಅನುಭವದಲ್ಲಿ ತೊಂದರೆ ಬಹುತೇಕ ಅಲ್ಲೇ ಇರುತ್ತದೆ.

ಏನೇನು ಬೇಕು?

ಜಾಸ್ತಿ ಏನಿಲ್ಲ. ಕೂರಲು ಒಂದು ಜಾಗ, ಐದರಿಂದ ಹತ್ತು ನಿಮಿಷ, ಒಂದು ಬೈಬಲ್, ನೂರು ಪುಟದ ಒಂದು ನೋಟ್‌ಬುಕ್, ಪೆನ್ನು. ಮೊಬೈಲನ್ನು ಬೇರೆ ಕೋಣೆಯಲ್ಲಿಡಿ. ಬೈಬಲ್ ಮೊಬೈಲಿನಲ್ಲೇ ಇದೆ ಅನ್ನುವವರಿಗೆ: ನೋಟಿಫಿಕೇಶನ್ನೂ ಅದರಲ್ಲೇ ಇದೆ. ಕಾಗದದ ಬೈಬಲ್ಲೇ ಇರಲಿ.

ಯಾವ ಬೈಬಲ್ ಅಂತಲೂ ಕೇಳುತ್ತಾರೆ. ಪ್ರಾಟೆಸ್ಟೆಂಟರ ಬೈಬಲ್ಲಿನಲ್ಲಿ 66 ಪುಸ್ತಕ, ಕಥೋಲಿಕರದ್ದರಲ್ಲಿ 73. ವ್ಯತ್ಯಾಸ ಇರುವುದು ಹಳೆಯ ಒಡಂಬಡಿಕೆಯಲ್ಲಿ, ಅಂದರೆ ಯೇಸುವಿಗಿಂತ ಮುಂಚಿನ ಭಾಗದಲ್ಲಿ. ಈ ಲೇಖನದಲ್ಲಿ ನಾನು ಹೇಳುವ ಭಾಗಗಳೆಲ್ಲ ಎರಡರಲ್ಲೂ ಇವೆ. ಹಳೆಯ ಭಾಷಾಂತರದ ಕನ್ನಡ ತೊಡಕಾದರೆ ಆಡುಮಾತಿಗೆ ಹತ್ತಿರದ ಹೊಸ ಭಾಷಾಂತರ ತೆಗೆದುಕೊಳ್ಳಿ. ಪಾಪ ಏನೂ ಬರುವುದಿಲ್ಲ.

1. ಜಾಗ ಮತ್ತು ಹೊತ್ತು ಗೊತ್ತು ಮಾಡಿಕೊಳ್ಳಿ

ಪ್ರಾರ್ಥನೆ ಮಾಡುವಾಗ ನಿನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೋ ಎಂದು ಯೇಸು ಹೇಳಿದ್ದು ಮತ್ತಾಯನ ಸುವಾರ್ತೆಯ (ಯೇಸುವಿನ ಬದುಕನ್ನು ಹೇಳುವ ಪುಸ್ತಕ) 6ನೇ ಅಧ್ಯಾಯದಲ್ಲಿದೆ. “ನಮ್ಮ ಮನ್ಯಾಗ ಕ್ವಾಣಿ ಎಲ್ಲೈತ್ರೀ?” ಅಂತ ಬಾಗಲಕೋಟೆ ನವನಗರದ ಒಬ್ಬ ತಾಯಿ ಕೇಳಿದ್ದರು. ಎರಡು ಖೋಲಿ, ಏಳು ಜನ. ಅವರಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಗ್ರೀಕ್ ಮೂಲದಲ್ಲಿ ಅಲ್ಲಿರುವ ಪದಕ್ಕೆ ಕಾಳುಕಡಿ, ಸಾಮಾನು ಇಡುವ ಒಳಗಿನ ಉಗ್ರಾಣ ಅನ್ನುವ ಅರ್ಥವೂ ಇದೆ. ಅಂದರೆ ಜೋಳದ ಚೀಲದ ಮಗ್ಗುಲಲ್ಲಿ ಕುಳಿತರೂ ಯೇಸುವಿನ ಮಾತು ಪಾಲಿಸಿದ ಹಾಗೆಯೇ. ಯಾರೂ ನೋಡುತ್ತಿಲ್ಲ ಅನ್ನುವುದು ಮುಖ್ಯ. ಜಾಗ ಸಿಗದಿದ್ದರೆ ಮಾಳಿಗೆ ಇದೆ, ಹಿತ್ತಲಿದೆ, ದಿನದಲ್ಲಿ ಬಾಗಿಲು ತೆರೆದಿರುವ ಚರ್ಚಿನ ಕೊನೆಯ ಬೆಂಚಿದೆ.

ಹೊತ್ತಿನ ವಿಷಯದಲ್ಲಿ ಒಂದೇ ಉಪಾಯ. ಈಗಾಗಲೇ ದಿನಾ ಮಾಡುವ ಒಂದು ಕೆಲಸಕ್ಕೆ ಕಟ್ಟಿಹಾಕಿ. ಚಹಾಕ್ಕಿಡುವ ಮುಂಚೆ, ಮಕ್ಕಳು ಶಾಲೆಗೆ ಹೋದ ಮೇಲೆ, ಅಂಗಡಿಯ ಶಟರ್ ಎತ್ತುವ ಮೊದಲು, ಹೀಗೆ. ಯೇಸು ಇನ್ನೂ ಕತ್ತಲಿರುವಾಗಲೇ ಎದ್ದು ಹೋದ ಎಂದು ಮಾರ್ಕ ತನ್ನ ಸುವಾರ್ತೆಯಲ್ಲಿ ಬರೆದಿದ್ದಾನೆ. ಹಳೆಯ ಒಡಂಬಡಿಕೆಯ ದಾನಿಯೇಲ ದಿನಕ್ಕೆ ಮೂರು ಸಲ ಮೊಣಕಾಲೂರುತ್ತಿದ್ದ. ಇಂಥದ್ದೇ ಹೊತ್ತು ಅಂತ ಕಟ್ಟುನಿಟ್ಟು ಎಲ್ಲೂ ಇಲ್ಲ.

ಇಲ್ಲಿ ಎಡವುವುದು: ಮೊದಲ ದಿನವೇ ನಾಲ್ಕು ಗಂಟೆಗೆ ಅಲಾರಾಂ ಇಟ್ಟು ಒಂದು ತಾಸು ಕೂರುವುದು. ಉಪದೇಶಿ ಇಷ್ಟು ತಾಸು ಪ್ರಾರ್ಥನೆ ಮಾಡುತ್ತಾರಂತೆ ಅಂತ ಕೇಳಿ ಬಂದವರು ಸಾಮಾನ್ಯವಾಗಿ ಹೀಗೆ ಮಾಡುತ್ತಾರೆ. ಮೂರನೇ ದಿನ ಅಲಾರಾಂ ಆಫ್, ನಾಲ್ಕನೇ ದಿನ ಅಪರಾಧಿ ಭಾವನೆ. ಐದು ನಿಮಿಷದಿಂದ ಶುರು ಮಾಡಿ. ತಿಂಗಳು ಕಳೆದ ಮೇಲೆ ಹತ್ತಕ್ಕೆ ಹೋಗಿ.

2. ಮೊದಲು ಎರಡು ನಿಮಿಷ ಸುಮ್ನೆ ಕೂರಿ

ಕುಳಿತ ಕೂಡಲೇ ಮಾತು ಶುರು ಮಾಡಬೇಡಿ. ನೆಲದ ಮೇಲೋ ಕುರ್ಚಿಯ ಮೇಲೋ ಬೆನ್ನು ನೆಟ್ಟಗೆ ಮಾಡಿ ಕೂರಿ. ನಿಧಾನವಾಗಿ ಉಸಿರಾಡಿ. ತಲೆಯಲ್ಲಿ ಏನೇನೋ ಬರುತ್ತದೆ. ಸಿಲಿಂಡರ್ ಬುಕ್ ಮಾಡಬೇಕು, ಸಂಘದ ಕಂತು ಕಟ್ಟಬೇಕು, ನಾದಿನಿ ಅಂದ ಮಾತು. ನೋಟ್‌ಬುಕ್ ಇರುವುದು ಇದಕ್ಕೇ. ‘ಸಿಲಿಂಡರ್’ ಅಂತ ಬರೆದು ಬಿಟ್ಟುಬಿಡಿ, ಆಮೇಲೆ ನೋಡಿಕೊಂಡರಾಯಿತು. ನಾದಿನಿಯ ಮಾತನ್ನು ಮಾತ್ರ ಹಾಗೆ ಬದಿಗಿಡಬೇಡಿ. ಮುಂದಿನ ಹೆಜ್ಜೆಯಲ್ಲಿ ಅದೇ ನಿಮ್ಮ ಪ್ರಾರ್ಥನೆ.

3. ಮನೆಯಲ್ಲಿ ಆಡುವ ಮಾತಿನಲ್ಲೇ ಹೇಳಿ

ನಮ್ಮ ಸಭೆಗಳಲ್ಲಿ (ಚರ್ಚಿನ ಸಮುದಾಯಕ್ಕೆ ನಾವು ಸಭೆ ಅನ್ನುತ್ತೇವೆ) ಯಾರಿಗಾದರೂ ಪ್ರಾರ್ಥನೆ ಮಾಡಿ ಅಂದರೆ ದನಿಯೇ ಬದಲಾಗುತ್ತದೆ. ಅಲ್ಲಿವರೆಗೆ “ಬರ್ರೀ, ಕುಂದರ್ರೀ” ಅಂತಿದ್ದವರು ಒಮ್ಮೆಲೇ “ಕೃಪಾಪೂರ್ಣನಾದ ತಂದೆಯೇ, ನಿನ್ನ ಪರಿಶುದ್ಧ ಸನ್ನಿಧಾನಕ್ಕೆ ಸಮೀಪಿಸುತ್ತಾ…” ಅಂತ ಶುರು ಮಾಡುತ್ತಾರೆ. ಅದು ಕೆಟ್ಟ ಭಾಷೆ ಅಂತಲ್ಲ. ಅದಕ್ಕೊಂದು ಚರಿತ್ರೆ ಇದೆ. ಬಳ್ಳಾರಿಯಲ್ಲಿದ್ದ ಮಿಷನರಿ ಜಾನ್ ಹ್ಯಾಂಡ್ಸ್ ಮತ್ತು ಸಂಗಡಿಗರ ದುಡಿಮೆಯಿಂದ ಇಡೀ ಬೈಬಲ್ ಕನ್ನಡದಲ್ಲಿ ಬಂದಿದ್ದು 1831ರಲ್ಲಿ. ಆಮೇಲೆ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನವರು ಹುಬ್ಬಳ್ಳಿ, ಧಾರವಾಡ, ನಮ್ಮ ಗುಳೇದಗುಡ್ಡದವರೆಗೂ ಬಂದು ಅದೇ ಕನ್ನಡದಲ್ಲಿ ಹಾಡು, ಆರಾಧನೆ ಕಲಿಸಿದರು. ಅಜ್ಜ ಮುತ್ತಜ್ಜಂದಿರು ಅದನ್ನು ಬಾಯಿಪಾಠ ಮಾಡಿದರು. ಸಭೆಯಲ್ಲಿ ಅದು ಕೇಳಲು ಚೆಂದ. ಆದರೆ ರಾತ್ರಿ ಎರಡು ಗಂಟೆಗೆ ಮಗುವಿಗೆ ಜ್ವರ ಏರಿದಾಗ ನಿಮ್ಮ ಬಾಯಿಂದ ‘ಸಮೀಪಿಸುತ್ತಾ’ ಬರುವುದಿಲ್ಲ. “ಯಪ್ಪಾ, ಏನ್ ಮಾಡ್ಲಿ ಈಗ” ಅಂತ ಬರುತ್ತದೆ.

ಅದನ್ನೇ ಹೇಳಿ. ಅದೇ ಪ್ರಾರ್ಥನೆ.

ಗೆತ್ಸೇಮನೆ ತೋಟದಲ್ಲಿ, ಹಿಡಿದುಕೊಂಡು ಹೋಗಲು ಜನ ಬರುವ ಸ್ವಲ್ಪ ಮುಂಚೆ, ಯೇಸು ಕರೆದದ್ದು ‘ಅಬ್ಬಾ’ ಅಂತ. ಅದು ಅರಮಾಯಿಕ್ ಮಾತು, ಆತನ ಮನೆಮಾತು. ತಂದೆ ಅಂತ ಅರ್ಥ. ಮಾರ್ಕ ಗ್ರೀಕಿನಲ್ಲಿ ಬರೆದರೂ ಆ ಒಂದು ಪದವನ್ನು ಹಾಗೇ ಉಳಿಸಿದ್ದಾನೆ. (ನಮ್ಮಲ್ಲಿ ‘ಅಬ್ಬಾ’ ಅಂದರೆ ಬಿಸಿಲಲ್ಲಿ ನಡೆದು ಬಂದು ಕಟ್ಟೆಯ ಮೇಲೆ ಕುಳಿತಾಗ ಬಿಡುವ ಉಸಿರು. ಪ್ರಾರ್ಥನೆಗೆ ಅದೂ ಹೊಂದುತ್ತೆ, ಅಲ್ವಾ?)

ಹೇಗೆ ಶುರು ಮಾಡಬೇಕು ಅಂತ ಗೊತ್ತಾಗದಿದ್ದರೆ ನಾಲ್ಕು ವಾಕ್ಯ ಸಾಕು. ಇವತ್ತು ಏನಾಯ್ತು. ಅದರಿಂದ ನನಗೆ ಹೇಗನ್ನಿಸುತ್ತಿದೆ. ನನಗೆ ಏನು ಬೇಕು. ಯಾವುದಕ್ಕೆ ಥ್ಯಾಂಕ್ಸ್ ಹೇಳಬೇಕು. ಉದಾಹರಣೆಗೆ:

“ಯಪ್ಪಾ, ಕಬ್ಬಿನ ಬಿಲ್ಲ ಇನ್ನೂ ಬಂದಿಲ್ಲ. ಸಾಲದಾಂವ ಮನೀ ಮುಂದ ನಿಂತು ಒದರಿ ಹ್ವಾದ. ನನಗ ನಾಚಿಕಿ ಆಗೇತಿ, ಸಿಟ್ಟೂ ಬಂದೇತಿ. ರೊಕ್ಕ ಬರೂ ಹಂಗ ಮಾಡು. ಬರೂತನಾ ನನ್ನ ಬಾಯಿ ಹಿಡದಿಡು. ಮಗಳು ಪಾಸಾದ್ಲು, ಅದೊಂದ ಚಲೋ ಆತು.”

ಪುಸ್ತಕಗಳಲ್ಲಿ ಪ್ರಾರ್ಥನೆಗೆ ನಾಲ್ಕು ಭಾಗ ಹೇಳುತ್ತಾರೆ. ಸ್ತುತಿ ಅಂದರೆ ದೇವರನ್ನು ಹೊಗಳುವುದು. ಅರಿಕೆ ಅಂದರೆ ತಪ್ಪು ಒಪ್ಪಿಕೊಳ್ಳುವುದು. ಕೃತಜ್ಞತೆ ಗೊತ್ತೇ ಇದೆ. ಬಿನ್ನಹ ಅಂದರೆ ಬೇಡಿಕೆ. ಈ ಕ್ರಮ ಒಳ್ಳೆಯದೇ. ಆದರೆ ಕಾನೂನಲ್ಲ. ಮನೆಗೆ ಬೆಂಕಿ ಬಿದ್ದಾಗ ಅಪ್ಪನನ್ನು ಹೊಗಳಿ ಆಮೇಲೆ ನೀರು ಕೇಳುವ ಮಗ ಇರುತ್ತಾನೆಯೇ?

ದೇವರಿಗೆ ‘ನೀನು’ ಅನ್ನಬೇಕೋ ‘ನೀವು’ ಅನ್ನಬೇಕೋ ಎಂಬ ಪ್ರಶ್ನೆಯೂ ಬರುತ್ತದೆ. ಪ್ರಾಟೆಸ್ಟೆಂಟರು ‘ನಿನ್ನ ರಾಜ್ಯ ಬರಲಿ’ ಅನ್ನುತ್ತಾರೆ, ಕಥೋಲಿಕರು ‘ನಿಮ್ಮ ರಾಜ್ಯ ಬರಲಿ’ ಅನ್ನುತ್ತಾರೆ. ನನ್ನ ಮನೆಯಲ್ಲಿ ಎರಡೂ ನಡೆಯುತ್ತದೆ. ನಿಮ್ಮ ಅಪ್ಪನಿಗೆ ನೀವು ಏನನ್ನುತ್ತೀರೋ ಅದನ್ನೇ ಅನ್ನಿ. ಬೆಳಗಾವಿಯಲ್ಲಿ ಕೊಂಕಣಿ, ಮರಾಠಿ ಮನೆಮಾತಿನವರು ತುಂಬಾ ಜನ ಇದ್ದಾರೆ. ಅವರಿಗೂ ಇದೇ ಮಾತು: ಅಳುವಾಗ ಯಾವ ಭಾಷೆ ಬರುತ್ತದೋ ಅದರಲ್ಲೇ ಪ್ರಾರ್ಥಿಸಿ. ಕಥೋಲಿಕರ ಪೂಜೆಯೇ ಲ್ಯಾಟಿನ್ ಬಿಟ್ಟು ಜನರ ಭಾಷೆಗೆ ಬಂದಿದ್ದು 1962ರಿಂದ 1965ರವರೆಗೆ ನಡೆದ ಎರಡನೇ ವ್ಯಾಟಿಕನ್ ಮಹಾಸಭೆಯ ನಂತರ. ಭಾಷೆ ಮಾತ್ರ ಅಲ್ಲ, ರೀತಿಯೂ ನಮ್ಮದಾಗಬಹುದು. ಬೈಲಹೊಂಗಲ ಕಡೆಯ ದೇಶನೂರಿನಲ್ಲಿ ಯೇಸುಸಭೆಯ (ಜೆಸ್ವಿಟ್) ಗುರುಗಳು ಕಾವಿ ಉಟ್ಟು, ವಿರಕ್ತ ಮಠದ ರೀತಿಯಲ್ಲಿ ಆಶ್ರಮ ಕಟ್ಟಿದ್ದಾರೆ. ಚಾಪೆ ಹಾಸಿ ಚಕ್ಕಳಮಕ್ಕಳ ಹಾಕಿ ಕುಳಿತರೆ ಪ್ರಾರ್ಥನೆ ಕಡಿಮೆಯಾಗುವುದಿಲ್ಲ.

4. ಸ್ವಂತ ಮಾತು ಮುಗಿದಾಗ ಹಳೆಯ ಮಾತನ್ನು ಕಡ ತನ್ನಿ

ಮನೆಮಾತಿನಲ್ಲಿ ಹೇಳಿ ಅಂದೆ. ಆದರೆ ವಾರ ಕಳೆದ ಮೇಲೆ ನಿಮಗೇ ಬೇಜಾರು ಬರುತ್ತದೆ. ದಿನಾ ಅದೇ ಸಾಲ, ಅದೇ ಮಂಡಿನೋವು, ಅದೇ ಗಂಡ. ಆಗ ಬೇರೆಯವರ ಮಾತು ಕೆಲಸಕ್ಕೆ ಬರುತ್ತದೆ.

ಮೊದಲನೆಯದು, ಯೇಸುವೇ ಕಲಿಸಿದ ಪ್ರಾರ್ಥನೆ. ಮತ್ತಾಯ 6ರಲ್ಲಿ ಉದ್ದದ್ದು, ಲೂಕ 11ರಲ್ಲಿ ಚಿಕ್ಕದು ಇದೆ. ನಮಗೆಲ್ಲ ಅದು ಎಷ್ಟು ಬಾಯಿಪಾಠ ಅಂದರೆ ಇಪ್ಪತ್ತು ಸೆಕೆಂಡಿಗೆ ಮುಗಿಸಿ ಆಮೆನ್ ಅಂದುಬಿಡುತ್ತೇವೆ. (ಆಮೆನ್ ಹೀಬ್ರೂ ಪದ. ಹಾಗೆಯೇ ಆಗಲಿ, ಇದು ನಿಜ, ಅಂತ ಅರ್ಥ.) ದಿನಕ್ಕೆ ಒಂದೇ ಸಾಲು ತೆಗೆದುಕೊಳ್ಳಿ. ಅನುದಿನದ ಆಹಾರ ಈಹೊತ್ತು ಕೊಡು ಅನ್ನುವ ಸಾಲಿನ ಮುಂದೆ ಐದು ನಿಮಿಷ ಕೂರಿ. ಹಳೆಯ ಭಾಷಾಂತರದಲ್ಲಿ ‘ಈಹೊತ್ತು’ ಅಂತಲೇ ಇದೆ, ನಮ್ಮಜ್ಜಿ ಆಡುತ್ತಿದ್ದ ಪದ. ನಾಳಿನದ್ದಲ್ಲ, ಬರುವ ವರ್ಷದ್ದಲ್ಲ, ಈಹೊತ್ತಿನ ರೊಟ್ಟಿ. ಇನ್ನೊಂದು ನೋಡಿ, ಇಡೀ ಪ್ರಾರ್ಥನೆಯಲ್ಲಿ ‘ನನ್ನ’ ಅನ್ನುವ ಪದವೇ ಇಲ್ಲ. ಎಲ್ಲಾ ಕಡೆ ‘ನಮ್ಮ’, ‘ನಮಗೆ’.

ಎರಡನೆಯದು ಕೀರ್ತನೆಗಳು. ಹೀಬ್ರೂ ಭಾಷೆಯಲ್ಲಿ ಹಾಡಲೆಂದೇ ಕಟ್ಟಿದ 150 ಪದ್ಯಗಳ ಪುಸ್ತಕ ಇದು. ಬೈಬಲ್ಲಿನ ಹೆಚ್ಚುಕಡಿಮೆ ನಡುಮಧ್ಯದಲ್ಲಿ ತೆರೆದರೆ ಸಿಗುತ್ತದೆ. ನಿದ್ದೆ ಬಾರದ ರಾತ್ರಿಗೆ 4ನೇ ಕೀರ್ತನೆ. ಆಪರೇಷನ್ ಥಿಯೇಟರಿನ ಹೊರಗೆ ಕಾಯುವಾಗ 23 ಅಥವಾ 130. ಯಾರ ಮುಂದೆಯೂ ಹೇಳಿಕೊಳ್ಳಲಾಗದ ತಪ್ಪು ಮಾಡಿದ ಮೇಲೆ 51. ದುಡಿಯಲು ಗೋವಾಕ್ಕೆ ಹೊರಟ ಮಗನನ್ನು ಬಸ್ಸು ಹತ್ತಿಸುವಾಗ 121. ಏನೂ ಓದುವ ಶಕ್ತಿ ಇಲ್ಲದ ದಿನ 117, ಎರಡೇ ವಚನ. ಮನಸ್ಸಿನಲ್ಲೇ ಬೇಡ, ತುಟಿ ಅಲುಗಿಸಿ ಓದಿ. ಒಂದು ಸಾಲು ಎಲ್ಲೋ ಚುಚ್ಚುತ್ತದೆ. ಅಲ್ಲಿ ನಿಲ್ಲಿ, ನೋಟ್‌ಬುಕ್ಕಿಗೆ ಬರೆದುಕೊಳ್ಳಿ. ಅವತ್ತಿಗೆ ಅಷ್ಟೇ.

ಮೂರನೆಯದು ಕಥೋಲಿಕರ ಜಪಮಾಲೆ. ತಲಾ ಹತ್ತು ಮಣಿಯ ಐದು ಗುಂಪುಗಳಿರುವ ಮಾಲೆ. ಒಂದೊಂದು ಮಣಿಗೆ ‘ನಮೋ ಮರಿಯಾ’ ಎಂಬ ಚಿಕ್ಕ ಪ್ರಾರ್ಥನೆ ಹೇಳುತ್ತಾ, ಗುಂಪಿಗೊಂದರಂತೆ ಯೇಸುವಿನ ಮತ್ತು ಮಾತೆ ಮರಿಯಳ ಬದುಕಿನ ಘಟನೆಯನ್ನು ನೆನೆಯುತ್ತಾರೆ. ಹದಿನೈದಿಪ್ಪತ್ತು ನಿಮಿಷ ಹಿಡಿಯುತ್ತದೆ. “ಹೇಳಿದ್ದನ್ನೇ ಹೇಳೂದು ತಪ್ಪಲ್ಲೇನ್ರಿ? ಸುಮ್ನ ವಟವಟ ಅನಬ್ಯಾಡ್ರಿ ಅಂತ ಯೇಸುಸ್ವಾಮಿನ ಹೇಳ್ಯಾನಲ್ಲ?” ಎಂದು ನಮ್ಮ ತವರಿನವರು ನನ್ನನ್ನು ಕೆಣಕುತ್ತಾರೆ. ಹೇಳಿದ್ದು ನಿಜ. ಆದರೆ ಅದೇ ಯೇಸು ಗೆತ್ಸೇಮನೆಯಲ್ಲಿ ಮೂರನೇ ಸಲವೂ ಅದೇ ಮಾತುಗಳಿಂದ ಪ್ರಾರ್ಥಿಸಿದ ಎಂದು ಮತ್ತಾಯ 26ರಲ್ಲಿದೆ. ದೇವರನ್ನು ಮಾತಿನ ಲೆಕ್ಕದಿಂದ ಒಲಿಸುತ್ತೇನೆ ಅಂದುಕೊಳ್ಳುವುದು ತಪ್ಪು. ದುಃಖದಲ್ಲಿದ್ದವರು ಒಂದೇ ಮಾತನ್ನು ಹತ್ತು ಸಲ ಹೇಳುವುದು ತಪ್ಪಲ್ಲ. ಮನುಷ್ಯರು ಇರುವುದೇ ಹಾಗೆ. ಅತ್ತೆಯವರಿಗೆ ಕೊನೆಗಾಲದಲ್ಲಿ ಮಕ್ಕಳ ಹೆಸರು ಮರೆತುಹೋಗಿತ್ತು. ಮಣಿ ಕೈಗೆ ಕೊಟ್ಟರೆ ಬೆರಳು ತಾನಾಗಿ ಸರಿಯುತ್ತಿತ್ತು.

5. ಬೇಡುವುದಾದರೆ ಸರಿಯಾಗಿ ಬೇಡಿ

“ಎಲ್ಲರನ್ನೂ ಆಶೀರ್ವದಿಸು” ಅನ್ನುವುದು ಬೇಡಿಕೆಯಲ್ಲ, ಅದು ಭಾಷಣದ ಕೊನೆಯ ಸಾಲು. ಹೆಸರು ಹಿಡಿದು, ವಿಷಯ ಹಿಡಿದು ಕೇಳಿ. ಬೇರೆಯವರಿಗಾಗಿ ಬೇಡುವುದಕ್ಕೆ ಮಧ್ಯಸ್ಥಿಕೆಯ ಪ್ರಾರ್ಥನೆ ಅಂತ ಹೆಸರು. ದೊಡ್ಡ ಹೆಸರು, ಕೆಲಸ ಸರಳ.

ನಮ್ಮವ್ವನ ಕ್ರಮವನ್ನು ಇಲ್ಲಿ ಹೇಳಿಬಿಡುತ್ತೇನೆ, ಇದಕ್ಕಿಂತ ಸುಲಭದ್ದು ನನಗೆ ಸಿಕ್ಕಿಲ್ಲ. ಬೆಳಿಗ್ಗೆ ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುತ್ತಿದ್ದಳು. ಒಂದು ರೊಟ್ಟಿಗೆ ಒಂದು ಹೆಸರು. ಹಿಟ್ಟಿನ ಉಂಡೆ ಕೊಣಮಿಗೆಯಲ್ಲಿ ಬಿದ್ದಾಗ ಹೆಸರು ಹೇಳುವುದು, ಬಡಿಯುತ್ತಾ ಅವರ ಕಷ್ಟ ಹೇಳುವುದು, ಹಂಚಿನ ಮೇಲೆ ಹಾಕಿ ನೀರು ಸವರುವಾಗ “ನೀನ ನೋಡಪ” ಅಂತ ಬಿಡುವುದು. ಹದಿನಾಲ್ಕು ರೊಟ್ಟಿ, ಹದಿನಾಲ್ಕು ಜನ. ಜಗಳವಾಡಿದ್ದ ಪಕ್ಕದ ಮನೆಯಾಕೆಯ ಹೆಸರಿಗೆ ಬಡಿದ ರೊಟ್ಟಿ ಸ್ವಲ್ಪ ತೆಳ್ಳಗಾಗುತ್ತಿತ್ತು ಅಂತ ನಾವು ಮಕ್ಕಳು ನಗುತ್ತಿದ್ದೆವು. ನೀವು ಚಪಾತಿ ಲಟ್ಟಿಸುವವರಾದರೆ ಅದಕ್ಕೆ ಹೊಂದಿಸಿಕೊಳ್ಳಿ. ಮಗ್ಗದ ಮುಂದೆ ಕೂರುವವರು ಲಾಳಿಗೆ ಹೊಂದಿಸಿಕೊಳ್ಳಿ. ಬಸ್ಸಿನಲ್ಲಿ ಓಡಾಡುವವರಿಗೆ ಒಂದೊಂದು ಸ್ಟಾಪಿದೆ.

ಹೆಸರುಗಳನ್ನು ನೋಟ್‌ಬುಕ್ಕಿನಲ್ಲಿ ತಾರೀಖಿನ ಜೊತೆ ಬರೆಯಿರಿ. ಮೂರು ತಿಂಗಳಿಗೊಮ್ಮೆ ಹಿಂದಿನ ಪುಟ ತಿರುವಿ. ಕೆಲವು ಆಗಿರುತ್ತವೆ, ಕೆಲವು ಆಗಿರುವುದಿಲ್ಲ, ಕೆಲವನ್ನು ಯಾಕೆ ಕೇಳಿದ್ದೆ ಅಂತ ನಿಮಗೇ ನಗು ಬರುತ್ತದೆ.

ಆಗದೇ ಇದ್ದವುಗಳ ಬಗ್ಗೆ ಮುಚ್ಚಿಡದೆ ಹೇಳುತ್ತೇನೆ. ಮೊದಲ ಕಾಲದ ಸಭೆಗಳಿಗೆ ಪತ್ರಗಳನ್ನು ಬರೆದ ಪೌಲ ತನ್ನ ಮೈಯಲ್ಲಿದ್ದ ಒಂದು ‘ಮುಳ್ಳು’ ತೆಗೆ ಎಂದು ಮೂರು ಸಲ ಬೇಡಿಕೊಂಡ. ಅದು ಏನಿತ್ತು ಅಂತ ಆತ ಬರೆದಿಲ್ಲ. ಮುಳ್ಳು ಹೋಗಲಿಲ್ಲ, ನನ್ನ ಕೃಪೆ ನಿನಗೆ ಸಾಕು ಅನ್ನುವ ಉತ್ತರ ಬಂತು. ಈ ಪಾತ್ರೆ (ಅಂದರೆ ಮುಂದಿದ್ದ ಸಂಕಟ) ನನ್ನಿಂದ ತೆಗೆ ಎಂದು ಯೇಸುವೇ ಬೇಡಿದ. ಪಾತ್ರೆ ಸರಿಯಲಿಲ್ಲ. ಬೇಡಿದ್ದು ಸಿಗದವರ ಸಾಲಿನಲ್ಲಿ ಅಂಥವರೇ ನಿಂತಿರುವಾಗ, ನಿಮ್ಮ ಬೇಡಿಕೆ ಈಡೇರದಿದ್ದಕ್ಕೆ ನೀವೇ ಕಾರಣ ಅಂತ ಯಾರೂ ತೀರ್ಪು ಕೊಡಲಾಗದು.

ಇಲ್ಲಿ ಎಡವುವುದು: ವ್ಯಾಪಾರ. ‘ಇದನ್ನು ಮಾಡಿಕೊಡು, ನಾನು ಅದನ್ನು ಕೊಡುತ್ತೇನೆ.’ ನಮ್ಮ ಸೀಮೆಯಲ್ಲಿ ಹರಕೆ ರಕ್ತದಲ್ಲೇ ಇದೆ, ಒಪ್ಪುತ್ತೇನೆ. ಆದರೆ ಕ್ರೈಸ್ತ ಪ್ರಾರ್ಥನೆಯಲ್ಲಿ ಆ ಕಡೆ ಕೂತಿರುವವನು ಅಪ್ಪ, ದಲಾಲಿ ಅಲ್ಲ.

6. ಸಿಟ್ಟು ಬಂದರೆ ಅದನ್ನೂ ಹೇಳಿ

ಹೆಚ್ಚು ಜನ ಹೆದರುವುದು ಇಲ್ಲಿಯೇ. ದೇವರ ಮೇಲೆ ಸಿಟ್ಟಾದರೆ ಪಾಪ ಅಂತ ಬಾಯಿ ಮುಚ್ಚಿಕೊಳ್ಳುತ್ತಾರೆ. ಒಳಗಿನ ಮಾತು ಒಳಗೇ ಹುಳಿಯುತ್ತದೆ. ಹೊರಗೆ ಮಾತ್ರ ‘ಸ್ತೋತ್ರ, ಸ್ತೋತ್ರ’.

ಕೀರ್ತನೆ 13 ತೆರೆದು ನೋಡಿ. ಎಷ್ಟರವರೆಗೆ ನನ್ನನ್ನು ಮರೆತಿರುತ್ತೀ ಎಂದೇ ಅದು ಶುರುವಾಗುತ್ತದೆ. ‘ಎಷ್ಟರವರೆಗೆ’ ಅನ್ನುವ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಕೊನೆಗೆ ಹೇಗೋ ನಂಬಿಕೆಗೆ ತಿರುಗುತ್ತದೆ. ಆದರೆ 88 ತಿರುಗುವುದೇ ಇಲ್ಲ. ಕತ್ತಲಲ್ಲಿ ಶುರುವಾಗಿ ಕತ್ತಲಲ್ಲೇ ಮುಗಿಯುತ್ತದೆ. ಕಡೆಯಲ್ಲಿ ಸಮಾಧಾನದ ಒಂದು ಸಾಲು ಕೂಡ ಇಲ್ಲ. ಇಂಥದ್ದನ್ನು ಬೈಬಲ್ಲಿನಿಂದ ಯಾರೂ ತೆಗೆದುಹಾಕಲಿಲ್ಲ. ಸಾವಿರಾರು ವರ್ಷ ಜನ ಅದನ್ನು ಪ್ರಾರ್ಥನೆ ಅಂತಲೇ ಓದಿದ್ದಾರೆ. ಶಿಲುಬೆಯ ಮೇಲೆ ಯೇಸು ಕೂಗಿದ್ದು, ನನ್ನ ದೇವರೇ, ಯಾಕೆ ನನ್ನ ಕೈಬಿಟ್ಟೆ ಅಂತ. ಅದು ಕೀರ್ತನೆ 22ರ ಮೊದಲ ಸಾಲು.

ನಮ್ಮವ್ವ ಆಸ್ಪತ್ರೆಯಲ್ಲಿದ್ದಾಗ ಹನ್ನೊಂದು ದಿನ ಐಸಿಯು ಹೊರಗಿನ ಕಬ್ಬಿಣದ ಕುರ್ಚಿಯ ಮೇಲೆ ಕುಳಿತಿದ್ದೆ. ಎಂಟನೇ ದಿನ ಸಭೆಯ ಒಬ್ಬರು ಹಣ್ಣು ತಂದರು, ಪ್ರಾರ್ಥನೆ ಮಾಡಿದರು, ಹೋಗುವಾಗ ಮೆಲ್ಲಗೆ “ನಂಬಿಕಿ ಕಡಿಮಿ ಬಿದ್ದೈತಿ ನೋಡ್ರಿ, ಅದಕ್ಕ ತಡಾ ಆಗೇತಿ” ಅಂದರು. ಆ ರಾತ್ರಿ ನಾನು ದೇವರ ಜೊತೆ ಜಗಳವಾಡಿದೆ. ಕನ್ನಡದಲ್ಲಿರುವ ಒಳ್ಳೆಯ ಪದಗಳು ಯಾವುವೂ ಅದರಲ್ಲಿರಲಿಲ್ಲ. ಅವ್ವ ಉಳಿಯಲಿಲ್ಲ. ಆದರೂ ಆ ಹನ್ನೊಂದು ದಿನಗಳಲ್ಲಿ ಯಾರೋ ಕೇಳಿಸಿಕೊಳ್ಳುತ್ತಿದ್ದಾರೆ ಅನ್ನಿಸಿದ್ದು ಆ ಒಂದು ರಾತ್ರಿ ಮಾತ್ರ.

‘ಸಮಾಧಾನ’ ಅನ್ನುವ ಪದವನ್ನೇ ಒಮ್ಮೆ ನೋಡಿ. ಚರ್ಚಿನಲ್ಲಿ ನಾವು ಅದನ್ನು ಶಾಂತಿ ಅನ್ನುವ ಅರ್ಥದಲ್ಲಿ ಬಳಸುತ್ತೇವೆ. ಮನೆಯಲ್ಲಿ ಮಾತ್ರ ‘ಕೂಸು ಅಳಾಕತ್ತೈತಿ, ಸಮಾಧಾನ ಮಾಡು’ ಅನ್ನುತ್ತೇವೆ. ಕೂಸನ್ನು ಸಮಾಧಾನ ಮಾಡುವುದು ಹೇಗೆ? ಎತ್ತಿಕೊಂಡು ಓಡಾಡುತ್ತೇವೆ. ಹಲ್ಲುನೋವು ಹೋಗಿರುವುದಿಲ್ಲ, ಹೆಗಲು ಸಿಕ್ಕಿರುತ್ತದೆ. ‘ಸಮಾಧಾನ ಆಗವಲ್ದು’ ಅಂತ ಕೇಳುವವರು ಚರ್ಚಿನ ಅರ್ಥದ ಸಮಾಧಾನ ಹುಡುಕುತ್ತಿರುತ್ತಾರೆ. ಮನೆಯ ಅರ್ಥದ್ದನ್ನು ಹುಡುಕಿ. ಅದಕ್ಕೆ ಮೊದಲು ಅಳಬೇಕು.

ಹನ್ನಳ ಕಥೆ ಸಮುವೇಲನ ಮೊದಲ ಪುಸ್ತಕದ ಮೊದಲ ಅಧ್ಯಾಯದಲ್ಲಿದೆ. ಮಕ್ಕಳಿಲ್ಲದ ಸಂಕಟದಲ್ಲಿ ಆಕೆ ದೇವಾಲಯದಲ್ಲಿ ಅಳುತ್ತಾ ಪ್ರಾರ್ಥಿಸಿದಳು. ತುಟಿ ಅಲುಗುತ್ತಿತ್ತು, ದನಿ ಬರುತ್ತಿರಲಿಲ್ಲ. ಯಾಜಕ ಏಲಿ ಈಕೆ ಕುಡಿದಿದ್ದಾಳೆ ಅಂದುಕೊಂಡ. ಪ್ರಾರ್ಥಿಸುವವರನ್ನು ಪೂಜಾರಿಗಳೇ ತಪ್ಪು ತಿಳಿಯುವುದು ಇವತ್ತಿನದ್ದಲ್ಲ.

7. ಏನೂ ಆಗದ ದಿನ

ಕೆಲವು ದಿನ ಮಾತೂ ಇಲ್ಲ, ಓದೂ ಇಲ್ಲ, ಅಳುವೂ ಇಲ್ಲ. ನಮಗೆ ಹೇಗೆ ಪ್ರಾರ್ಥಿಸಬೇಕೆಂದು ತಿಳಿಯದಿದ್ದಾಗ ಪವಿತ್ರಾತ್ಮನೇ ಮಾತಿಗೆ ಮೀರಿದ ನರಳಾಟದಿಂದ ನಮ್ಮ ಪರವಾಗಿ ಬೇಡುತ್ತಾನೆ ಎಂದು ಪೌಲ ರೋಮಿನವರಿಗೆ ಬರೆದ ಪತ್ರದ 8ನೇ ಅಧ್ಯಾಯದಲ್ಲಿದೆ. ಆ ದಿನ ಸುಮ್ನೆ ಐದು ನಿಮಿಷ ಕುಳಿತು ಎದ್ದುಬಿಡಿ.

ಇನ್ನೂ ಒಂದು. ಪ್ರವಾದಿ ಎಲೀಯ ‘ಸಾಕು, ನನ್ನ ಪ್ರಾಣ ತೆಗೆದುಕೋ’ ಅಂತ ಗಿಡದ ಕೆಳಗೆ ಮಲಗಿದಾಗ ದೇವದೂತ ಉಪದೇಶ ಮಾಡಲಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ, ತಂಬಿಗೆ ನೀರು ಇಟ್ಟು, ಏಳು, ಉಣ್ಣು ಅಂದ. ಆತ ಉಂಡು ಮತ್ತೆ ಮಲಗಿದ. ಎರಡನೇ ಸಲವೂ ಎಬ್ಬಿಸಿ ಉಣಿಸಿದ. ಮಾತುಕತೆ ಆಮೇಲೆ. ನಿದ್ದೆ, ಊಟ ಬಿಟ್ಟು ಪ್ರಾರ್ಥನೆಯಿಂದಲೇ ಎಲ್ಲ ಸರಿಹೋಗುತ್ತೆ ಅನ್ನುವವರು ಅರಸುಗಳ ಮೊದಲ ಪುಸ್ತಕದ 19ನೇ ಅಧ್ಯಾಯ ಓದಿ.

8. ಬೇರೆಯವರ ಜೊತೆ

ಒಬ್ಬರೇ ಪ್ರಾರ್ಥಿಸುವುದು ರೂಢಿಯಾದ ಮೇಲೆ ವಾರಕ್ಕೊಮ್ಮೆ ಇಬ್ಬರು ಮೂವರ ಜೊತೆ ಕೂರಿ. ಮನೆಕೂಟ (ಯಾರದಾದರೂ ಮನೆಯಲ್ಲಿ ಸೇರಿ ಮಾಡುವ ಪ್ರಾರ್ಥನೆ) ನಮ್ಮ ಕಡೆ ಎಲ್ಲ ಸಭೆಗಳಲ್ಲೂ ಇದೆ. ನಿಮ್ಮ ಮಾತು ಮುಗಿದ ಕಡೆ ಇನ್ನೊಬ್ಬರು ಎತ್ತಿಕೊಳ್ಳುತ್ತಾರೆ, ಭಜನೆಯಲ್ಲಿ ಸೊಲ್ಲು ಎತ್ತಿದ ಹಾಗೆ.

ಒಂದೇ ಎಚ್ಚರಿಕೆ, ಆದರೆ ದೊಡ್ಡದು. ಪ್ರಾರ್ಥನಾ ವಿನಂತಿಯ ಹೆಸರಲ್ಲಿ ಚಾಡಿ ನಡೆಯುತ್ತದೆ. “ಅವರ ಸೊಸಿ ಮನಿ ಬಿಟ್ಟು ಹೋಗ್ಯಾಳಂತ, ಪ್ರಾರ್ಥನಾ ಮಾಡ್ರಿ” ಎನ್ನುವುದು ವಾಟ್ಸಾಪ್ ಗ್ರೂಪಿಗೆ ಬಿದ್ದರೆ ಸಂಜೆಯೊಳಗೆ ಊರಿಗೆಲ್ಲ ಗೊತ್ತು. ಆಸ್ಪತ್ರೆಯ ರಿಪೋರ್ಟಿನ ಫೋಟೋ ಹಾಕುವವರೂ ಇದ್ದಾರೆ. ಸಂಬಂಧಪಟ್ಟವರನ್ನು ಕೇಳದೆ ಏನನ್ನೂ ಹೇಳಬೇಡಿ. ‘ನನಗೆ ಬೇಕಾದವರೊಬ್ಬರು ಕಷ್ಟದಲ್ಲಿದ್ದಾರೆ’ ಅಂದರೆ ಸಾಕು, ದೇವರಿಗೆ ವಿಳಾಸ ಗೊತ್ತಿದೆ.

ಈ ನಾಲ್ಕು ಗುಂಡಿಗಳನ್ನು ನೋಡಿಕೊಂಡು ನಡೆಯಿರಿ

ಔಷಧ ಬಿಡಬೇಡಿ. ಬಿಪಿ, ಸಕ್ಕರೆ ಕಾಯಿಲೆ, ಮೂರ್ಛೆ, ಮನಸ್ಸಿನ ಕಾಯಿಲೆ ಯಾವುದೇ ಇರಲಿ, ಪ್ರಾರ್ಥನೆಯಿಂದ ವಾಸಿಯಾಯ್ತು ಅನ್ನಿಸಿದರೂ ಡಾಕ್ಟರನ್ನು ಕೇಳದೆ ಗುಳಿಗೆ ನಿಲ್ಲಿಸಬೇಡಿ. ಹಿರಿಯರನ್ನು ಕರೆಸಿ ಎಣ್ಣೆ ಹಚ್ಚಿಸಿಕೊಂಡು ಪ್ರಾರ್ಥಿಸಿರಿ ಎಂದು ಯಾಕೋಬನ ಪತ್ರದಲ್ಲಿದೆ ನಿಜ. ಡಾಕ್ಟರ ಹತ್ತಿರ ಹೋಗಬೇಡಿ ಅಂತ ಅಲ್ಲಿಲ್ಲ. ಉಪವಾಸ ಪ್ರಾರ್ಥನೆ (ಊಟ ಬಿಟ್ಟು ಮಾಡುವ ಪ್ರಾರ್ಥನೆ) ಸಕ್ಕರೆ ಕಾಯಿಲೆಯವರಿಗೆ, ಬಸುರಿಯರಿಗೆ ಅಲ್ಲ. ಅವರು ಟಿವಿಯ ಉಪವಾಸ ಮಾಡಲಿ.

ವಾರಗಟ್ಟಲೆ ನಿದ್ದೆ ಇಲ್ಲ, ಬದುಕೇ ಬೇಡ ಅನ್ನಿಸುತ್ತಿದೆ ಅಂದರೆ ಪ್ರಾರ್ಥನೆ ಹೆಚ್ಚು ಮಾಡಿ ಅಂತ ನಾನು ಹೇಳುವುದಿಲ್ಲ. 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಫೋನ್ ಮಾಡುವ ಮುಂಚೆ ಒಂದು ಸಾಲು ಪ್ರಾರ್ಥನೆ ಮಾಡಿಕೊಳ್ಳಿ, ಬೇಕಾದರೆ.

ಪ್ರಾರ್ಥನೆಗೆ ರೇಟು ಹೇಳುವವರಿಂದ ದೂರ ಇರಿ. ಕಾಣಿಕೆ ಬೇರೆ, ಫೀಸು ಬೇರೆ. ಇಷ್ಟು ಕಳಿಸಿದರೆ ಇಂಥ ಆಶೀರ್ವಾದ ಅಂದ ಕೂಡಲೇ ಫೋನ್ ಇಟ್ಟುಬಿಡಿ.

ಕಣ್ಣು ಮುಚ್ಚಿ ಬೈಬಲ್ ತೆರೆದು ಬೆರಳಿಟ್ಟು, ಬಂದ ವಚನವೇ ದೇವರ ಉತ್ತರ ಅನ್ನಬೇಡಿ. ಮಗಳ ಸಂಬಂಧ ಗಟ್ಟಿ ಮಾಡಬೇಕೋ ಬೇಡವೋ ಅಂತ ಬೆರಳಿಟ್ಟವರೊಬ್ಬರಿಗೆ ಯಾರು ಯಾರನ್ನು ಹೆತ್ತರು ಅನ್ನುವ ವಂಶಾವಳಿ ಬಂದಿತ್ತು. ಮೊಮ್ಮಕ್ಕಳಾಗುತ್ತವೆ ಅಂತ ಅರ್ಥ ಮಾಡಿಕೊಂಡು ಹುಡುಗನ ಬಗ್ಗೆ ವಿಚಾರಿಸುವುದನ್ನೇ ಬಿಟ್ಟರು. ವಿಚಾರಿಸಬೇಕಿತ್ತು.

ಎಷ್ಟು ದಿನ ಬೇಕು? ನಡುವೆ ಬಿಟ್ಟುಹೋದರೆ?

ಇಷ್ಟೇ ದಿನ ಅಂತ ಹೇಳಲು ಇದು ಕೋರ್ಸ್ ಅಲ್ಲ. ಒಂದು ತಿಂಗಳು ನಡೆಸಿ ನೋಡಿ. ಮನಸ್ಸು ಹಗುರಾಯ್ತೇ ಅಂತ ದಿನಾ ಅಳೆಯಬೇಡಿ. ಬಿತ್ತಿದ ಮರುದಿನ ಮಣ್ಣು ಕೆದರಿ ನೋಡಿದರೆ ಜೋಳ ಬೇಗ ಹುಟ್ಟುವುದಿಲ್ಲ.

ಬಿಟ್ಟಂತೂ ಹೋಗುತ್ತದೆ. ಮದುವೆ ಬರುತ್ತದೆ, ಜಾತ್ರೆ ಬರುತ್ತದೆ, ಸುಗ್ಗಿ ಬರುತ್ತದೆ, ನೆಂಟರು ಬಂದು ನಿಮ್ಮ ಮೂಲೆಯಲ್ಲೇ ಹಾಸಿಗೆ ಹಾಸುತ್ತಾರೆ. ಹದಿನೈದು ದಿನ ಬಿಟ್ಟುಹೋಗಿದ್ದರೆ ಹದಿನೈದು ದಿನದ ಬಾಕಿ ತೀರಿಸಬೇಕಾಗಿಲ್ಲ. ಕ್ಷಮೆ ಕೇಳುವುದರಲ್ಲೇ ಆ ಐದು ನಿಮಿಷ ಕಳೆಯುವುದೂ ಬೇಡ. ನೋಟ್‌ಬುಕ್ಕಿನಲ್ಲಿ ಇವತ್ತಿನ ತಾರೀಖು ಹಾಕಿ. ಯಾವ ಕೀರ್ತನೆಗೆ ನಿಂತಿತ್ತು ಅಂತ ನೆನಪಿಲ್ಲದಿದ್ದರೆ 121 ತೆಗೆಯಿರಿ. ಎಂಟೇ ವಚನ, ಚಹಾ ಕುದಿಯುವಷ್ಟರಲ್ಲಿ ಆಗುತ್ತದೆ.